ಹತ್ತನೆಯ ನೌಕರಿ

ಗಂಡಸು ಐವತ್ತೊಂದನೆಯ ವಯಸ್ಸಿಗೆ ಮನೆಯಲ್ಲಿ ಕೂತನೆಂದರೆ ಅವನಿಗೆ ಎರಡೇ ಕೆಲಸ ಉಳಿಯುತ್ತವೆ. ಒಂದು, ಪೇಪರು ಓದುವುದು. ಇನ್ನೊಂದು, ಹೆಂಡತಿ ನೆಲ ಒರೆಸುತ್ತ ಬಂದಾಗ ಕಾಲು ಮೇಲೆತ್ತುವುದು. ಪುಣೆಯ ಪಿಂಪ್ರಿಯ ಕಾರ್ಖಾನೆಯೊಂದರವರು ‘ಸ್ವಇಚ್ಛೆಯ ನಿವೃತ್ತಿ’ ಎಂಬ ಸುಂದರ ಹೆಸರಿಟ್ಟು, ನನ್ನ ಇಚ್ಛೆಯನ್ನು ಮಾತ್ರ ಕೇಳದೆ, 2002ರ ಮಾರ್ಚ್ ತಿಂಗಳಲ್ಲಿ ನನ್ನನ್ನು ಮನೆಗೆ ಕಳಿಸಿದರು. ಅಂದಿನಿಂದ ಈ ಎರಡೂ ಕೆಲಸಗಳನ್ನು ಒಂದು ದಿನವೂ ರಜೆ ಹಾಕದೆ ಮಾಡಿಕೊಂಡು ಬಂದಿದ್ದೆ. ಇಪ್ಪತ್ತಾರು ವರ್ಷ ಡಿಸ್ಪ್ಯಾಚ್ ವಿಭಾಗದಲ್ಲಿದ್ದು ಹೆಡ್ ಕ್ಲಾರ್ಕ್ ಆದವನು ನಾನು. ಈ ಹಣಮಂತ್ರಾಯನ ಸಹಿ ಇಲ್ಲದೆ ಆ ಗೇಟಿನಿಂದ ಒಂದು ಬೋಲ್ಟು ಕೂಡ ಹೊರಗೆ ಹೋಗುತ್ತಿರಲಿಲ್ಲ. ಈಗ ನನ್ನ ಸ್ವಂತ ಮನೆಯಿಂದ ದಿನಕ್ಕೆ ಒಂದು ಸಾವಿರ ಜೋಳದ ರೊಟ್ಟಿ ಹೊರಗೆ ಹೋಗುತ್ತಿದ್ದವು. ಒಂದಕ್ಕೂ ನನ್ನ ಸಹಿ ಬೇಕಿರಲಿಲ್ಲ.

ರೊಟ್ಟಿಯ ಒಡತಿ ನನ್ನ ಹೆಂಡತಿ ಅಂಬಾ. ಆರು ವರ್ಷದ ಹಿಂದೆ, ಚಾಕಣದ ಕಾರ್ಖಾನೆಗಳಿಗೆ ಸೇರಿದ ನಮ್ಮ ಕಡೆಯ ನಾಲ್ಕು ಹುಡುಗರು ಒಂದು ರವಿವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಕ್ಯಾಂಟೀನಿನ ಚಪಾತಿ ತಿಂದು ಮುಖ ಒಣಗಿಸಿಕೊಂಡಿದ್ದರು. ಅಂಬಾ ರೊಟ್ಟಿ ಬಡಿದು ಶೇಂಗಾ ಹಿಂಡಿ ಹಾಕಿ ಬಡಿಸಿದಳು. ಒಬ್ಬ ಹುಡುಗ ತಾಟಿನ ಮುಂದೆ ಅತ್ತೇಬಿಟ್ಟ. (ಹಿಂಡಿ ಖಾರವಾಗಿತ್ತು ಎಂದು ನನ್ನ ಅಭಿಪ್ರಾಯ. ಊರ ನೆನಪಾಯಿತು ಎಂದು ಅಂಬಾನದು.) ಮುಂದಿನ ವಾರದಿಂದ ನಾಲ್ವರಿಗೆ ಡಬ್ಬಿ ಹೋಯಿತು, ನಾಲ್ವರು ನಲವತ್ತಾದರು, ಆಮೇಲೆ ಎರಡು ಕಾರ್ಖಾನೆಯ ಕ್ಯಾಂಟೀನಿನವರೇ ಬಂದು ಕೇಳಿದರು. ಧನಕವಡಿಯ ನಮ್ಮ ಎರಡನೆಯ ಮಹಡಿಯ ಫ್ಲ್ಯಾಟಿನ ಅಡಿಗೆಮನೆಯಲ್ಲೂ ಹಾಲಿನಲ್ಲೂ ಬೆಳಗಿನ ಐದಕ್ಕೆ ಒಂಬತ್ತು ಹೆಂಗಸರು ಸೇರುತ್ತಿದ್ದರು. ವಿಜಾಪುರ, ಬಾಗಲಕೋಟೆ ಕಡೆಯಿಂದ ಮನೆಮಂದಿಯ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಕಾತ್ರಜಿನ ಚಾಳುಗಳಲ್ಲಿ ನೆಲೆಸಿದವರು. ಒಂಬತ್ತು ಜನ ಹದಿನೆಂಟು ಕೈಯಲ್ಲಿ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯವರ ಸೀಲಿಂಗಿನಿಂದ ಸುಣ್ಣ ಉದುರುತ್ತಿತ್ತು.

ಉದುರಿದ ಸುಣ್ಣವನ್ನು ಕಾಗದದಲ್ಲಿ ಕಟ್ಟಿಕೊಂಡು ಸೊಸೈಟಿಯ ಸೆಕ್ರೆಟರಿ ಒಂದು ದಿನ ಮೇಲೆ ಬಂದರು. “ಕಾಕಾ, ದಸರ‍್ಯಾಪರ್ಯಂತ ಬಂದ್ ಕರಾ” ಎಂದರು. ದಸರೆಯೊಳಗೆ ರೊಟ್ಟಿ ನಿಲ್ಲಿಸಿ ಎಂಬ ಲಿಖಿತ ನೋಟೀಸು ಜೊತೆಗಿತ್ತು. ಕಾತ್ರಜಿನಲ್ಲಿ ಒಂದು ಹಳೆಯ ಕಟ್ಟಿಗೆ ಅಡ್ಡೆಯ ಶೆಡ್ ಖಾಲಿ ಇತ್ತು. ಮಾಲೀಕ ಬಾಡಿಗೆಗೆ ಕೊಡಲು ತಯಾರಿದ್ದ. ಆದರೆ ಅದಕ್ಕೆ ಮಾಡು ಇರಲಿಲ್ಲ, ಒಲೆಯ ಕಟ್ಟೆ ಇರಲಿಲ್ಲ, ಹೊಗೆ ಹೋಗಲು ದಾರಿ ಇರಲಿಲ್ಲ. ಅಷ್ಟನ್ನೂ ಮಾಡಿಸುವ ಶಕ್ತಿ ನಮಗಿರಲಿಲ್ಲ. ದಸರೆಯ ಮರುದಿನ ಒಂಬತ್ತು ಜನರ ಒಲೆ ಆರುವುದು ಖಂಡಿತ ಎಂದು ಅಂಬಾನಿಗೆ ಗೊತ್ತಿತ್ತು. ಆ ವಾರವಿಡೀ ಅವಳು ನನ್ನನ್ನು ಬೈಯಲಿಲ್ಲ. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

ಅಂಥ ಹೊತ್ತಿನಲ್ಲಿ ಪೇಪರಿನ ಒಳಪುಟದ ಮೂಲೆಯೊಂದು ನನ್ನ ಕಣ್ಣಿಗೆ ಬಿತ್ತು.

“ಅಂಬಾ, ಕೇಳಿಲ್ಲೆ. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಖಾಸಗಿ ವಲಯದ ಉದ್ಯೋಗ ಸೃಷ್ಟಿಗೆ ಅನುದಾನ ಕೊಡ್ತಾರಂತ. ಪರದೇಶದವರು.”

“ಕಾಲು ಎತ್ತರಿ.”

“ಅಭಿವೃದ್ಧಿಶೀಲ ರಾಷ್ಟ್ರ ಅಂದ್ರ ಯಾವುದು? ನಾವ. ಖಾಸಗಿ ವಲಯ ಅಂದ್ರ ಯಾವುದು? ನಿನ್ನ ಅಡಗಿಮನಿ.”

“ಇನ್ನೊಂದು ಕಾಲು.”

“ಸಾಲ ಅಲ್ಲ ಇದು. ಪುಕ್ಕಟೆ. ತಿರುಗಿ ಕೊಡೂ ಹಂಗಿಲ್ಲ.”

ಅಂಬಾ ಒರೆಸುವುದನ್ನು ನಿಲ್ಲಿಸಿದಳು. “ಪುಕ್ಕಟೆ ಯಾರು ಕೊಡ್ತಾರ್ರಿ? ನಮ್ಮಪ್ಪ ನಿಮಗ ಕೈಗಡಿಯಾರ ಕೊಟ್ಟಿದ್ದೂ ಪುಕ್ಕಟೆ ಅಲ್ಲ. ಜೋಡಿಗೆ ನನ್ನೂ ಹಚ್ಚಿ ಕೊಟ್ಟಾರ.”

ಆ ಗಡಿಯಾರ ಎಂದೋ ನಿಂತಿದೆ ಎಂದು ಹೇಳುವ ಆಸೆಯನ್ನು ತಡೆದುಕೊಂಡು ನಾನು ನಿಯಮಗಳನ್ನು ಓದಿದೆ. ಉದ್ಯಮದಲ್ಲಿ ಹತ್ತು ಉದ್ಯೋಗಗಳಿರಬೇಕು. ಹತ್ತರಲ್ಲಿ ಒಂದಾದರೂ ಹೊಸದಾಗಿ ಸೃಷ್ಟಿಯಾದದ್ದಿರಬೇಕು. ಅಧಿಕಾರಿಗಳು ಖುದ್ದಾಗಿ ಬಂದು ಪ್ರತಿಯೊಬ್ಬರನ್ನೂ ಮಾತಾಡಿಸಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಕಟ್ಟಡ, ಒಲೆ, ಸಾಮಾನು, ಎಲ್ಲಕ್ಕೂ ಅನುದಾನ. ಅರ್ಜಿ ಮೂವತ್ತೆಂಟು ಪುಟ.

ಮೂವತ್ತೆಂಟು ಪುಟದ ಅರ್ಜಿ ಎಂದರೆ ಬೇರೆಯವರು ಹೆದರಿಯಾರು. ನನಗೆ ಹಳೆಯ ಗೆಳೆಯ ಸಿಕ್ಕಂತಾಯಿತು. ವರ್ಷದ ಮೇಲಿಂದ ತುಕ್ಕು ಹಿಡಿದಿದ್ದ ನನ್ನ ಲೇಖನಿ ಎದ್ದು ಕುಣಿಯಿತು. ಸಂಸ್ಥೆಗೆ ‘ಅಂಬಾ ಇಂಟರ್‌ನ್ಯಾಷನಲ್ ಧಾನ್ಯಾಹಾರ ಸಮೂಹ’ ಎಂದು ನಾಮಕರಣ ಮಾಡಿದೆ. ಹಿಟ್ಟು ನಾದುವ ಕಲ್ಲವ್ವ ‘ಮಿಶ್ರಣ ವಿಭಾಗದ ಹಿರಿಯ ತಂತ್ರಜ್ಞೆ’ಯಾದಳು. ಅರವತ್ತು ದಾಟಿದ, ಹಂಚಿನ ಮುಂದೆ ಕೂಡುವ ಸಾವಂತ್ರವ್ವ ‘ಉಷ್ಣ ನಿಯಂತ್ರಣಾಧಿಕಾರಿ’. ಉಳಿದ ಏಳು ಜನರಿಗೂ ಅವರವರ ಯೋಗ್ಯತೆಗೆ ತಕ್ಕ ಪದವಿಗಳನ್ನು ದಯಪಾಲಿಸಿದೆ. ಹತ್ತನೆಯ ಹೆಸರು, ಮೊದಲನೆಯ ಪುಟದಲ್ಲಿ, ದಪ್ಪ ಅಕ್ಷರದಲ್ಲಿ: ಮುಖ್ಯ ಕಾರ್ಯನಿರ್ವಾಹಕ ನಿರ್ದೇಶಕರು, ಶ್ರೀ ಹಣಮಂತ್ರಾಯರು.

ಅಂಬಾ ಕೈ ಒರೆಸಿಕೊಂಡು ಬಂದು ಕನ್ನಡಕ ಹಾಕಿಕೊಂಡು ಕೂತಳು. ಇಂಗ್ಲಿಷಿನದನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು.

“ಇದರಾಗ ನಾ ಎಲ್ಲಿದ್ದೀನಿ?”

“ಹನ್ನೊಂದನೇ ಪುಟ. ತಾಂತ್ರಿಕ ಸಲಹೆಗಾರ್ತಿ.”

“ನೀವು ಏನು ಮಾಡ್ತೀರಿ ಅಂತ ಬರದೀರಿ?”

“ನೀತಿ ನಿರೂಪಣೆ.”

“ಅಂದ್ರ?”

“ಯಾರು ಏನು ಮಾಡಬೇಕು ಅಂತ ಹೇಳೂದು.”

“ಅದನ್ನ ಇಷ್ಟು ದಿನಾ ಸುಮ್ಮನ ಮಾಡ್ತಿದ್ರಿ. ಅದಕ್ಕ ಪರದೇಶದಿಂದ ರೊಕ್ಕಾ ಬರ್ತದಂದ್ರ ಬರ್ಲಿ ಬಿಡ್ರಿ” ಎಂದು ಎದ್ದಳು. ಅಡಿಗೆಮನೆಯ ಬಾಗಿಲಲ್ಲಿ ತಿರುಗಿ ನಿಂತು, “ನನಗೇನು ಬೇಕಾದ್ದು ಮಾಡ್ರಿ. ಆ ಒಂಬತ್ತು ಮಂದಿಗೆ ಮಾತ್ರ ಮನಸ್ಸಿಗೆ ನೋವು ಆಗೂ ಹಂಗ ಏನೂ ಮಾಡಬ್ಯಾಡ್ರಿ. ಹಿಂದ ಒಮ್ಮೆ ಮಾಡೀರಿ” ಎಂದಳು.

ಹಿಂದೊಮ್ಮೆ ಮಾಡಿದ್ದನ್ನು ಹೇಳಬೇಕಾದರೆ ಅಂಬಾನ ವ್ಯವಹಾರದ ರೀತಿಯನ್ನು ಮೊದಲು ಹೇಳಬೇಕು. ನಮ್ಮ ಮನೆಯಲ್ಲಿ ‘ಪಗಾರ’ ಎಂಬ ಶಬ್ದವೇ ಇಲ್ಲ. ತಿಂಗಳ ಮೊದಲನೆಯ ಶುಕ್ರವಾರ ಸಂಜೆ ಒಂಬತ್ತು ಜನರನ್ನೂ ಹಾಲಿನಲ್ಲಿ ಸಾಲಾಗಿ ಕೂಡಿಸಿ, ಅರಿಷಿಣ ಕುಂಕುಮ ಹಚ್ಚಿ, ಅಂಬಾ ಉಡಿ ತುಂಬುತ್ತಾಳೆ. ಅಕ್ಕಿ, ಅಡಿಕೆ, ಕೊಬ್ಬರಿ ಬಟ್ಟಲು, ಮೇಲೊಂದು ಕುಪ್ಪಸದ ಖಣ. ಆ ಖಣದ ಮಡಿಕೆಯೊಳಗೆ ತಿಂಗಳ ದುಡಿಮೆ. ಯಾರೂ ಬಿಚ್ಚಿ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ. ತವರಿಗೆ ಬಂದವರ ಹಾಗೆ ಸೆರಗು ಮುಚ್ಚಿಕೊಂಡು ನಗುತ್ತ ಹೋಗುತ್ತಾರೆ.

ಮೊದಲನೆಯ ಶುಕ್ರವಾರ ನನಗಿನ್ನೂ ನೆನಪಿದೆ. ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಸಾವಂತ್ರವ್ವ ಸಾಲಿನಲ್ಲಿ ಕೂತಿರಲಿಲ್ಲ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳು, ಅಡಿಗೆಮನೆಯ ಮೂಲೆಯಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದಳು. ಅಂಬಾ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದಳು. “ಜ್ವಾಳದ ಹಿಟ್ಟಿಗೆ ಯಾರು ಮುತ್ತೈದಿ, ಯಾರು ಅಲ್ಲ ಅಂತ ತಿಳಿಯೂದಿಲ್ಲ. ನನಗೂ ತಿಳಿಯೂದಿಲ್ಲ. ಉಡಿ ಹಿಡಿ ಸಾವಂತ್ರವ್ವಾ” ಎಂದಳು. ಮುದುಕಿ ಸೆರಗು ಹಿಡಿದಳು. ನನಗೆ ನನ್ನ ಹೆಂಡತಿಯ ಬಗ್ಗೆ ಅಂದು ಬಹಳ ಹೆಮ್ಮೆಯಾಯಿತು. (ಅವಳಿಗೆ ಹೇಳಲಿಲ್ಲ. ಗಂಡಸರು ಇಂಥದ್ದನ್ನು ಹೇಳುವುದಿಲ್ಲ, ಹೇಳಿದರೆ ಹೆಂಡತಿಯರು ನೆನಪಿಟ್ಟುಕೊಂಡು ಆಡಿಸುತ್ತಾರೆ.)

ನಾನು ಮನೆಗೆ ಬಂದು ಕೂತ ಮರುತಿಂಗಳೇ ಈ ಅವೈಜ್ಞಾನಿಕ ಪದ್ಧತಿಯನ್ನು ಸುಧಾರಿಸಲು ಹೊರಟೆ. ಒಂಬತ್ತು ಲಕೋಟೆ, ಒಂಬತ್ತು ಹೆಸರು, ಒಂದು ರಿಜಿಸ್ಟರು, ಒಂದು ಇಂಕ್ ಪ್ಯಾಡು. “ಪಗಾರ ತಗೊಳ್ರಿ, ಹೆಬ್ಬಟ್ಟು ಒತ್ತರಿ” ಎಂದೆ. ಸಾವಂತ್ರವ್ವ ಲಕೋಟೆಯನ್ನು ಟೀವಿಯ ಮೇಲಿಟ್ಟು ಚಪ್ಪಲಿ ಮೆಟ್ಟಿ ಹೋದಳು. ಮರುದಿನ ಒಬ್ಬರೂ ಬರಲಿಲ್ಲ. ಅಂಬಾ ಒಂದು ವಾರ ಕಾತ್ರಜಿನ ಚಾಳುಗಳಲ್ಲಿ ಮನೆ ಮನೆ ತಿರುಗಿ ಅವರನ್ನು ಕರೆತಂದಳು. ಆ ದಿನದಿಂದ ಅಡಿಗೆಮನೆಯ ಹೊಸ್ತಿಲು ದಾಟಲು ನನಗೆ ನಿಷೇಧ.

ಅರ್ಜಿ ಹೋಯಿತು. ಎರಡು ತಿಂಗಳಿಗೆ ಉತ್ತರ ಬಂತು. ಆಗಸ್ಟ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣೆ.

ತಪಾಸಣೆಯ ಹಿಂದಿನ ದಿನ ನಾನು ತರಬೇತಿ ಶಿಬಿರ ಏರ್ಪಡಿಸಿದೆ. ಒಂಬತ್ತು ಬಿಳಿ ಟೋಪಿ, ಎದೆಗೆ ಸಿಕ್ಕಿಸುವ ಒಂಬತ್ತು ಬಿಲ್ಲೆ ತಂದಿದ್ದೆ. “ನೋಡ್ರಿ, ನಾಳೆ ಅವರು ಕೇಳೂದು ಒಂದ ಪ್ರಶ್ನೆ. ನೀವು ಇಲ್ಲಿ ನೌಕರಿ ಮಾಡ್ತೀರೇನು ಅಂತ. ನೀವು ಹೌದು ಅನಬೇಕು. ಇಷ್ಟ.”

ಕಲ್ಲವ್ವ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ನೌಕರಿ ಅಂದ್ರ ನಮ್ಮ ಮನಿಯವರು ಬಿಲ್ಡಿಂಗ್ ಮ್ಯಾಲೆ ಮಾಡ್ತಾರಲ್ರಿ ರಾಯರ, ಅದು. ಅಲ್ಲಿ ಮುಕಾದಮ ಬೈತಾನ. ಇಲ್ಲಿ ನಮಗ ಯಾರು ಬೈತಾರ?”

“ಯಾಕ, ಅಂಬಾ ಬೈಯೂದಿಲ್ಲೇನು?”

“ವೈನಿ ನಿಮಗಷ್ಟ ಬೈತಾರ್ರಿ.”

“ಹಂಗ ನೋಡಿದ್ರ ನೌಕರಿ ಇರೂದು ರಾಯರಿಗೊಬ್ಬರಿಗ” ಎಂದಳು ಸಾವಂತ್ರವ್ವ, ಹಂಚಿನಿಂದ ಕಣ್ಣೆತ್ತದೆ.

ಒಂಬತ್ತೂ ಜನ ನಕ್ಕರು. ಒಳಗಿನಿಂದ ಹತ್ತನೆಯ ನಗುವೂ ಕೇಳಿಸಿತು. ನಾನು ಗಾಂಭೀರ್ಯ ಬಿಡದೆ ಮುಂದಿನ ವಿಷಯಕ್ಕೆ ಬಂದೆ. ಸಾವಂತ್ರವ್ವ ಮೊಣಕಾಲು ನೋವೆಂದು ಒಂದು ಕೌದಿಯನ್ನು ದಿನಾ ಮಡಚಿ ಕೆಳಗೆ ಹಾಕಿಕೊಂಡು ಕೂಡುತ್ತಿದ್ದಳು. ಅಂತರರಾಷ್ಟ್ರೀಯ ಸಂಸ್ಥೆಯ ಉಷ್ಣ ನಿಯಂತ್ರಣಾಧಿಕಾರಿ ಕೌದಿಯ ಮೇಲೆ ಕೂತರೆ ಚೆನ್ನಾಗಿ ಕಾಣುತ್ತದೆಯೇ?

“ಆ ಕೌದಿ ನಾಳೆ ಒಂದಿನ ಬ್ಯಾಡ ಸಾವಂತ್ರವ್ವಾ.”

“ನನ್ನ ಮೊಣಕಾಲಿಗೆ ನೀವ ಹೇಳ್ರಿ. ನನ್ನ ಮಾತು ಅದು ಕೇಳೂದಿಲ್ಲ.”

ಈ ಮಂದಿಯ ಬಾಯಿ ನಂಬಿ ಕೂತರೆ ಆಗದು ಎಂದು ಆ ದಿನ ಮಧ್ಯಾಹ್ನ ನಾನೊಂದು ಭದ್ರವಾದ ವ್ಯವಸ್ಥೆ ಮಾಡಿಕೊಂಡೆ. ಹೊಸ ಹಾಜರಿ ಪುಸ್ತಕ ತಂದು, ಹಿಂದಿನ ಇಡೀ ವರ್ಷದ ಹಾಜರಿಯನ್ನು ಒಂದೇ ಬೈಠಕ್ಕಿನಲ್ಲಿ ತುಂಬಿದೆ. ಸತ್ಯವನ್ನೇ ತುಂಬಿದ್ದು. ಸ್ವಲ್ಪ ತಡವಾಗಿ ತುಂಬಿದ್ದು ಅಷ್ಟೆ.

ಬುಧವಾರ ಹತ್ತಕ್ಕೆ ಸರಿಯಾಗಿ ಇಬ್ಬರು ಬಂದರು. ಒಬ್ಬಾಕೆ ಪರದೇಶದವರು, ಇಂಗ್ರಿಡ್ ಎಂದು ಹೆಸರು, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಾಯಿತು. (ಹತ್ತು ನಿಮಿಷದಲ್ಲಿ ಸಾವಂತ್ರವ್ವ ಅವರನ್ನು ಇಂಗಳವ್ವ ಮಾಡಿದ್ದಳು.) ಇನ್ನೊಬ್ಬರು ನೀಲಿಮಾ ಎಂಬ ಇಲ್ಲಿನ ಅಧಿಕಾರಿ. ನಾನು ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ಸುರು ಮಾಡುವಷ್ಟರಲ್ಲಿ ಅವರು ಅಂಬಾನ ಕಡೆ ತಿರುಗಿ, “ನಮ್ಮ ಆಯಿ ಬೆಳಗಾವ್ಯಾಕಿ ರೀ. ಕನ್ನಡ ಬರ್ತದ ನನಗ, ಮೋಡಕ-ತೋಡಕ, ಹರಕು ಮುರುಕು” ಎಂದು ನಕ್ಕರು. ಭಾಷಣ ನನ್ನ ಜೇಬಿನಲ್ಲೇ ಉಳಿಯಿತು.

ಒಳಗೆ ನೋಡಿದರೆ ನನ್ನ ತರಬೇತಿಯ ಫಲ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಟೋಪಿಯಲ್ಲಿ ಹಿಡಿದು ಕಲ್ಲವ್ವ ಬಿಸಿನೀರಿನ ಪಾತ್ರೆ ಇಳಿಸುತ್ತಿದ್ದಳು. ಇನ್ನೊಂದರಲ್ಲಿ ಹಸಿಮೆಣಸಿನಕಾಯಿ. ಬಿಲ್ಲೆಗಳ ಪಿನ್ನು ಮಾತ್ರ ಎಲ್ಲರಿಗೂ ಉಪಯೋಗಕ್ಕೆ ಬಂದಿತ್ತು, ಬಿಲ್ಲೆ ಕಿತ್ತು ಬಿಸಾಕಿ ಬಳೆಗೆ ಸಿಕ್ಕಿಸಿಕೊಂಡಿದ್ದರು.

ನೀಲಿಮಾ ಪುಸ್ತಕ ತೆರೆದು ಕಲ್ಲವ್ವನ ಎದುರು ಕೂತರು. “ನೀವು ಇಲ್ಲಿ ನೌಕರಿ ಮಾಡ್ತೀರೇನ್ರಿ?”

ನಾನು ಅವರ ಬೆನ್ನ ಹಿಂದೆ ನಿಂತು ಜೋರಾಗಿ ತಲೆಯಾಡಿಸಿ ಹೌದೆಂದು ತೋರಿಸಿದೆ.

“ಇಲ್ರಿ” ಎಂದಳು ಕಲ್ಲವ್ವ. “ಇದು ನಮ್ಮ ವೈನಿ ಮನಿ.”

“ಮತ್ತ ದಿನಾ ಬರ್ತೀರಲ್ಲ?”

“ವೈನಿಗೆ ಒಬ್ಬಾಕಿಗೆ ಎಲ್ಲಿ ಆಗ್ತದರಿ ಅಷ್ಟು ರೊಟ್ಟಿ.”

“ಪಗಾರ ಎಷ್ಟು ಕೊಡ್ತಾರ?”

ಕಲ್ಲವ್ವನ ಮುಖ ಕೆಂಪಾಯಿತು. “ಪಗಾರ ಇಲ್ರಿ. ಉಡಿ ತುಂಬತಾರ” ಎಂದು ಹಿಟ್ಟಿನ ಕಡೆ ತಿರುಗಿಬಿಟ್ಟಳು.

ಎರಡನೆಯವಳೂ ಇಲ್ಲವೆಂದಳು. ಮೂರನೆಯವಳು ತಾನು ಹೊತ್ತು ಕಳೆಯಲು ಬರುತ್ತೇನೆಂದಳು. (ಬೆಳಿಗ್ಗೆ ಐದಕ್ಕೆ ಎದ್ದು ಹೊತ್ತು ಕಳೆಯುವವರನ್ನು ನಾನು ಅಂದೇ ನೋಡಿದ್ದು.) ನಾಲ್ಕನೆಯವಳು, ಐದನೆಯವಳು, ಹೀಗೆ ಒಂಬತ್ತೂ ಜನ ಎದೆಯುಬ್ಬಿಸಿ, ಮನೆತನದ ಮರ್ಯಾದೆ ಉಳಿಸುವವರ ಹಾಗೆ, ನೌಕರಿ ಇಲ್ಲವೆಂದರು. ಒಂದೊಂದು ‘ಇಲ್ರಿ’ಗೂ ಕಾತ್ರಜಿನ ಶೆಡ್ಡಿನ ಮಾಡಿನ ಒಂದೊಂದು ತಗಡಿನ ಪತ್ರಾ ಹಾರಿಹೋಗುವುದು ನನಗೆ ಕಾಣಿಸಿತು. ನೀಲಿಮಾ ಉದ್ಯೋಗಗಳ ಕಾಲಮ್ಮಿನಲ್ಲಿ ಒಂದು ಸೊನ್ನೆ ಬರೆದರು. ದೊಡ್ಡ ಸೊನ್ನೆ.

ನಾನು ಮುನ್ನುಗ್ಗಿ ಹಾಜರಿ ಪುಸ್ತಕ ಮುಂದೆ ಹಿಡಿದೆ. “ಮೇಡಂ, ಇವರಿಗೆ ನಾಚಿಕಿ. ದಾಖಲೆ ನೋಡ್ರಿ.”

ಅವರು ಹಾಳೆ ತಿರುವಿದರು. “ಎಲ್ಲಾ ಒಂದ ಶಾಯಿಲೆ ಬರದೀರಿ ಅಲ್ರಿ ಸಾಹೇಬ್ರ?”

“ಶಿಸ್ತು ರೀ.”

“ಲಕ್ಷ್ಮೀಪೂಜೆ ದಿನಾನೂ ಒಂಬತ್ತೂ ಮಂದಿ ಹಾಜರ ಅದಾರ. ಗಣಪತಿ ಕೂಡಿಸಿದ ದಿನಾನೂ. ಮತ್ತ ಫೆಬ್ರುವರಿ ಮೂವತ್ತನೇ ತಾರೀಖಿಗೂ ಅದಾರ.”

ನಾನು ಪುಸ್ತಕ ವಾಪಸು ಇಸಿದುಕೊಂಡೆ. ಇಪ್ಪತ್ತಾರು ವರ್ಷದ ಅನುಭವ ಫೆಬ್ರುವರಿ ಮೂವತ್ತಕ್ಕೆ ಮಣ್ಣುಗೂಡಿತ್ತು. ಅಂಬಾ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಾಳಿಕೊಳ್ಳುತ್ತಿದ್ದೆ. ಸೋತವಳ ಹಾಗೆ ನೋಡಿದಳು. ನನ್ನ ಡೌಲಿಗೆ ಒಂಬತ್ತು ಜನರ ಅನ್ನ ಹೋಗುತ್ತಿತ್ತು.

ಇತ್ತ ಇಂಗ್ರಿಡ್ ಭಾಷೆ ತಿಳಿಯದೆ, ಬರಿಯ ನೆಲದ ಮೇಲೆ ಉದ್ದ ಕಾಲು ಮಡಚಿ ಕೂತು ರೊಟ್ಟಿ ಉಬ್ಬುವುದನ್ನು ನೋಡುತ್ತಿದ್ದರು. ಸಾವಂತ್ರವ್ವನಿಗೆ ಅದು ಸರಿಬರಲಿಲ್ಲ. “ಅಯ್ಯ, ಇಂಗಳವ್ವ ನೆಲದ ಮ್ಯಾಲೆ ಕುಂತಾಳ ನೋಡ್ರಿ, ಥಂಡಿ ಹತ್ತತದ” ಎಂದು ಮೆಲ್ಲಗೆ ಎದ್ದು, ತನ್ನ ಕೆಳಗಿನ ಕೌದಿ ತೆಗೆದು, ಕೊಡವಿ, ಮಡಿಕೆ ಬಿಚ್ಚಿ ಹಾಸಿದಳು. ಆರು ವರ್ಷದಲ್ಲಿ ಅದನ್ನು ಬಿಚ್ಚಿದ್ದನ್ನು ನಾನೂ ನೋಡಿರಲಿಲ್ಲ. ಹಾಲಿನ ಅರ್ಧ ನೆಲ ಮುಚ್ಚಿತು. ಅಂಚಿನಿಂದ ಅಂಚಿನವರೆಗೆ ಇಳಕಲ್ಲಿನ ಕೆಂಪು, ಗಿಣಿ ಹಸಿರು, ನೇರಳೆ, ಅರಿಷಿಣ, ಒಂದರ ಪಕ್ಕ ಒಂದು ಖಣ.

ಇಂಗ್ರಿಡ್ ಕೂಡಲಿಲ್ಲ. ಬಗ್ಗಿ ಕೈಯಾಡಿಸಿ ಏನೋ ಕೇಳಿದರು.

“ಈ ಅರಿವಿ ಎಲ್ಲೀವು ಅಂತ ಕೇಳ್ತಾರ್ರಿ ಅಜ್ಜಿ” ಎಂದರು ನೀಲಿಮಾ.

“ಇವು ವೈನಿ ಉಡಿ ತುಂಬಿದ ಖಣ. ನಾ ಬಣ್ಣದ್ದು ತೊಡೂದಿಲ್ಲ ಅಲ್ರಿ. ಪೆಟ್ಟಿಗ್ಯಾಗ ಇಟ್ಟು ನುಸಿ ತಿನಸೂಕಿಂತ ತಿಂಗಳಾ ಒಂದೊಂದು ಹಚ್ಚಿ ಹೊಲಕೋತ ಬಂದೆ.” ಮುದುಕಿ ಬಗ್ಗಿ ಮೂಲೆಯ ತುಂಡನ್ನು ಮುಟ್ಟಿದಳು. “ಇದು ಮೊದಲನೇದು, ನವರಾತ್ರಿದು. ಇದು ಕಲ್ಲವ್ವನ ಸಣ್ಣಾಕಿ ಹುಟ್ಟಿದ ತಿಂಗಳದ್ದು. ಇದು ಗುಜರಾತದಾಗ ಭೂಕಂಪ ಆತಲ್ರಿ, ಅದರ ಮರುವಾರದ್ದು. ಇದು ಹೋದ ಶುಕ್ರವಾರದ್ದು, ಇನ್ನೂ ಅಂಚು ಮಡಚಿಲ್ಲ.”

ನೀಲಿಮಾ ಲೇಖನಿ ಕೆಳಗಿಟ್ಟರು. ಮೊಣಕಾಲೂರಿ, ಬೆರಳಿಟ್ಟು, ಸಾಲು ಸಾಲಾಗಿ ಎಣಿಸಿದರು. ಎಪ್ಪತ್ತೊಂದು. ಮತ್ತೊಮ್ಮೆ ಎಣಿಸಿದರು. ಎಪ್ಪತ್ತೊಂದು ತಿಂಗಳು, ಒಂದೂ ಬಿಟ್ಟಿಲ್ಲ.

“ಈ ಖಣದ ಒಳಗ ಮತ್ತೇನರ ಇರ್ತಿತ್ತೇನ್ರಿ ಅಜ್ಜಿ?”

ಸಾವಂತ್ರವ್ವ ಅಂಬಾನ ಮುಖ ನೋಡಿದಳು. ಅಂಬಾ ಹೂಂ ಎಂದಳು.

“ಇರ್ತಿತ್ತವ್ವ. ನಮ್ಮ ತಿಂಗಳಾ ಸಾಗಿಸೂವಷ್ಟು ಇರ್ತಿತ್ತು. ಒಂದು ತಿಂಗಳನೂ ತಪ್ಪಿಲ್ಲ.”

“ಮತ್ತ ಉಳಿದವರಿಗೆ?”

ಕಲ್ಲವ್ವ ಎದ್ದು ಬಂದು ತನ್ನ ಕುಪ್ಪಸದ ತೋಳನ್ನು ಕೌದಿಗೆ ತಾಗಿಸಿ ಹುಡುಕತೊಡಗಿದಳು. ಐದನೆಯ ಸಾಲಿನಲ್ಲಿ ಅದೇ ನೇರಳೆ, ಅದೇ ಜರಿಯ ಚುಕ್ಕಿ ಸಿಕ್ಕಿತು. “ಇದು ನಂದು. ಹೋದ ವರ್ಷದ ಶ್ರಾವಣದ್ದು.” ಆಮೇಲೆ ಉಳಿದವರೂ ಎದ್ದು ಬಂದರು. ಎಂಟೂ ಜನ ಕೌದಿಯ ಸುತ್ತ ಕೂತು ತಮ್ಮ ತಮ್ಮ ತೋಳುಗಳ ತಿಂಗಳು ಹುಡುಕಿ ತೋರಿಸಿದರು. ಅಂಬಾ ಪ್ರತಿ ತಿಂಗಳೂ ಒಂದೇ ಬಟ್ಟೆಯ ತಾನಿನಿಂದ ಒಂಬತ್ತು ಖಣ ಕತ್ತರಿಸುತ್ತಿದ್ದಳು, ಯಾರಿಗೂ ಹೆಚ್ಚು ಕಡಿಮೆ ಆಗಬಾರದೆಂದು. ಇಂಗ್ರಿಡ್ ಕೌದಿಯ ಫೋಟೋ ತೆಗೆದದ್ದೇ ತೆಗೆದದ್ದು. ಇಂಥ ಹಾಜರಿ ಪುಸ್ತಕವನ್ನು ಇಪ್ಪತ್ತು ದೇಶ ತಿರುಗಿದರೂ ನೋಡಿಲ್ಲವಂತೆ. ಒಂದು ಜಾಗದಲ್ಲಿ ಅವರ ಬೆರಳು ನಿಂತಿತು. ಅಷ್ಟು ಬಣ್ಣಗಳ ನಡುವೆ ಒಂದು ತುಂಡು ಹಿಟ್ಟಿನ ಚೀಲದ್ದು.

“ಇದ್ಯಾಕ ಚೀಲದ ಅರಿವಿ?” ಎಂದರು ನೀಲಿಮಾ.

“ಅದು ರಾಯರು ಸುಧಾರಣಾ ಮಾಡಿದ ತಿಂಗಳರಿ” ಎಂದಳು ಸಾವಂತ್ರವ್ವ.

ನೀಲಿಮಾ ಸೊನ್ನೆಯನ್ನು ಹೊಡೆದು ಹಾಕಿ ಒಂಬತ್ತು ಎಂದು ಬರೆದರು. ನನ್ನ ಕಣ್ಣು ತುಂಬಿ ಬಂತು. (ಹೊಗೆ.) ಆದರೆ ಅವರ ಮುಖ ಪೂರ್ತಿ ತಿಳಿಯಾಗಲಿಲ್ಲ. “ಒಂಬತ್ತು ಪಕ್ಕಾ ಆತ್ರಿ. ಆದ್ರ ನಿಯಮದಾಗ ಹತ್ತು ಬೇಕು. ಮತ್ತ ಒಂದರ ಹೊಸಾ ಉದ್ಯೋಗ ಆಗಬೇಕು. ಇವೆಲ್ಲಾ ಆರು ವರ್ಷದ್ವು.”

ನನ್ನ ಗಳಿಗೆ ಬಂದಿತ್ತು. ಗಂಟಲು ಸರಿಪಡಿಸಿಕೊಂಡೆ. “ಹತ್ತನೆಯವನು ನಾನು. ಮುಖ್ಯ ಕಾರ್ಯನಿರ್ವಾಹಕ ನಿರ್ದೇಶಕ.”

“ಏನು ಕೆಲಸಾ ಮಾಡ್ತೀರಿ?”

“ನೀತಿ ನಿರೂಪಣೆ.”

ನೀಲಿಮಾ ಸಾವಂತ್ರವ್ವನ ಕಡೆ ತಿರುಗಿದರು. “ಅಜ್ಜಿ, ರಾಯರು ಏನು ಮಾಡ್ತಾರ್ರಿ?”

“ಪೇಪರ್ ಓದ್ತಾರವ್ವ. ವೈನಿ ನೆಲಾ ಒರಸಾಕ ಬಂದ್ರ ಕಾಲು ಎತ್ತತಾರ.” ಸ್ವಲ್ಪ ಯೋಚಿಸಿ, ನ್ಯಾಯವಾಗಿರಲೆಂದು, “ಎರಡೂ ಎತ್ತತಾರ” ಎಂದು ಸೇರಿಸಿದಳು.

ನೀಲಿಮಾ ಅದನ್ನು ಇಂಗ್ರಿಡರಿಗೆ ಅನುವಾದಿಸಿದರು. ಅನುವಾದಿಸುವ ಅಗತ್ಯವಿರಲಿಲ್ಲ. ಹತ್ತನೆಯ ಹೆಸರಿನ ಮುಂದೆ ಅಡ್ಡ ಗೆರೆ ಬಿತ್ತು. ಹಂಚಿನ ಮೇಲೊಂದು ರೊಟ್ಟಿ ಸೀದು ವಾಸನೆ ಬಂದರೂ ಯಾರೂ ಏಳಲಿಲ್ಲ.

ಆಗ ಅಂಬಾ ಮಾತಾಡಿದಳು. “ಬಾಯಾರ, ಇವರಿಗೆ ಕೆಲಸ ಇಲ್ರಿ. ಒಂದೂವರಿ ವರ್ಷ ಆತು ಮನ್ಯಾಗ ಕುಂತು. ನಾ ಇವರಿಗೆ ನೌಕರಿ ಕೊಡ್ತೀನಿ. ಅದು ಹೊಸಾದು ಆಗ್ತದಲ್ರಿ?”

“ಇವರು ಮಾಲಕರು ಅಂತ ಬರದಾರಲ್ರಿ?”

“ಮಾಲಕಿ ನಾನು.”

“ಯಾವ ಕೆಲಸಾ ಕೊಡ್ತೀರಿ?”

“ಹಿಟ್ಟಿನ ಚೀಲಾ ತರೂದು, ರೊಟ್ಟಿ ಲೆ‌ಕ್ಕಾ ಹಿಡದು ಕಟ್ಟಿ, ಟೆಂಪೋದಾಗ ಹಾಕಿಕೊಂಡು ಚಾಕಣಕ್ಕ ಮುಟ್ಟಸೂದು. ಈಗ ಕಂಡವರ ಕೈಕಾಲು ಹಿಡದು ಕಳಸ್ತೀನಿ, ದಿನಾ ಒಂದು ಕಡೆ ಕಡಿಮಿ ಬೀಳ್ತದ.” ಅಂಬಾ ನನ್ನ ಕಡೆ ನೋಡಲಿಲ್ಲ. “ಇಪ್ಪತ್ತಾರು ವರ್ಷ ಡಿಸ್ಪ್ಯಾಚ್ ಮಾಡ್ಯಾರ. ಒಂದು ಬೋಲ್ಟೂ ತಪ್ಪಿಲ್ಲ. ಈ ಕೆಲಸಾ ಇವರಷ್ಟು ಚಲೋ ಈ ಪುಣೆ ಊರಾಗ ಯಾರಿಗೂ ಬರೂದಿಲ್ಲ.”

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ನನ್ನ ಬೋಲ್ಟಿನ ಮಾತುಗಳನ್ನು ಅವಳು ಕೇಳಿಸಿಕೊಂಡಿದ್ದಾಳೆಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ. ಮತ್ತೆ ಕಣ್ಣು ಒರೆಸಿಕೊಂಡೆ. (ಇದು ಹೊಗೆಯಲ್ಲ.)

ನೀಲಿಮಾ ನನ್ನನ್ನು ಕೇಳಿದರು, “ನಿಮಗ ಒಪ್ಪಿಗಿ ಅದ ಏನ್ರಿ ಸಾಹೇಬ್ರ? ಇದು ಆಗಬೇಕಂದ್ರ ನಿರ್ದೇಶಕ ಪದವಿ ಬಿಟ್ಟೀನಿ ಅಂತ ಬರದು ಕೊಡಬೇಕು.”

ಮೊದಲ ಪುಟದ ದಪ್ಪ ಅಕ್ಷರಗಳನ್ನು ನೋಡಿದೆ. ಕೌದಿಯ ಸುತ್ತ ಕೂತ ಒಂಬತ್ತು ಮುಖ ನೋಡಿದೆ. ಎರಡನೆಯ ಸಲ ಸ್ವಇಚ್ಛೆಯ ನಿವೃತ್ತಿಗೆ ಸಹಿ ಹಾಕಿದೆ. ಈ ಸಲ ಇಚ್ಛೆ ನನ್ನದೇ ಆಗಿತ್ತು. ಇಂಗ್ರಿಡ್ ಎದ್ದು ನಿಂತು ನನ್ನ ಕೈ ಕುಲುಕಿ ಏನೋ ಹೇಳಿದರು. ಅಭಿವೃದ್ಧಿಶೀಲ ರಾಷ್ಟ್ರದಲ್ಲಿ ಒಂದು ಉದ್ಯೋಗ ತಮ್ಮ ಕಣ್ಣೆದುರಿಗೇ ಸೃಷ್ಟಿಯಾದದ್ದನ್ನು ತಾವು ನೋಡಿದ್ದು ಇದೇ ಮೊದಲಂತೆ.

ಅನುದಾನ ಮಂಜೂರಾಯಿತು. ಶೆಡ್ಡಿಗೆ ಮಾಡು ಬಂತು, ಒಲೆಗೆ ಕಟ್ಟೆ ಬಂತು, ಹೊಗೆಗೆ ದಾರಿಯೂ ಸಿಕ್ಕಿತು. ವಿಜಯದಶಮಿಯ ದಿನ ಬನ್ನಿ ಹಂಚಿಕೊಂಡು ಹೊಸ ಒಲೆ ಹೊತ್ತಿಸಿದೆವು. ಸೊಸೈಟಿಯ ಸೆಕ್ರೆಟರಿಯೂ ಬಂದು ಹಿಂಡಿ ಹಚ್ಚಿಕೊಂಡು ನಾಲ್ಕು ರೊಟ್ಟಿ ಹೊಡೆದು, ತಮ್ಮ ಮನೆಗೂ ರೊಟ್ಟಿ ಕಳಿಸಿ ಎಂದು ತಿಂಗಳ ವರ್ದಿ ಕೊಟ್ಟು ಹೋದರು. ಅಂದಿನಿಂದ ಇಂದಿನವರೆಗೆ ಚಾಕಣಕ್ಕೆ ಒಂದು ರೊಟ್ಟಿ ಕಡಿಮೆ ಹೋಗಿಲ್ಲ, ಒಂದು ರೊಟ್ಟಿ ಮುರಿದಿಲ್ಲ. ನನ್ನ ಸಹಿ ಇಲ್ಲದೆ ಒಂದು ಹಪ್ಪಳವೂ ಆ ಗೇಟು ದಾಟುವುದಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ಎದೆಯಿಂದ ಸ್ವಲ್ಪ ಹಿಟ್ಟು ಹಾರುತ್ತದೆ, ಅದಿರಲಿ.

ಮೊದಲ ಶುಕ್ರವಾರ ಬಂತು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಅಂಬಾ ಒಂಬತ್ತು ಉಡಿ ತುಂಬಿ, ಹತ್ತನೆಯ ಮಣೆ ತೋರಿಸಿದಳು. “ಕೂಡ್ರಿ.”

“ನನಗ ಲಕೋಟೆದಾಗ ಕೊಡು ಅಂಬಾ. ಗಂಡಸು ನಾನು.”

“ನನ್ನ ಕಡೆ ಲಕೋಟೆ ಪದ್ಧತಿ ಇಲ್ಲ” ಎಂದಳು.

ಅಂಗಿಯ ಚುಂಗು ಹಿಡಿದೆ. ಅಕ್ಕಿ, ಅಡಿಕೆ, ಕೊಬ್ಬರಿ ಬಟ್ಟಲು ಬಿದ್ದವು. ಮೇಲೊಂದು ಗಿಣಿ ಹಸಿರು ಖಣ. ಮಡಿಕೆಯೊಳಗೆ ಎಷ್ಟಿತ್ತೆಂದು ಬಿಚ್ಚಿ ನೋಡಲಿಲ್ಲ. ಯಾರೂ ನೋಡುವುದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಂಜೂರಿಯ ಪತ್ರದ ಕೊನೆಯಲ್ಲಿ ಇಂಗ್ರಿಡ್ ತಮ್ಮ ಕೈಯಾರೆ ಒಂದು ಷರತ್ತು ಸೇರಿಸಿದ್ದಾರೆ. ಹತ್ತನೆಯ ಉದ್ಯೋಗ ಹನ್ನೆರಡು ತಿಂಗಳು ಸತತವಾಗಿ ನಡೆದದ್ದಕ್ಕೆ ಪುರಾವೆ ಕಳಿಸಬೇಕು. ಸದರಿ ನೌಕರರ ಹಾಜರಿ ಪುಸ್ತಕವನ್ನು ಯಾವ ಕಾರಣಕ್ಕೂ ಸ್ವೀಕರಿಸುವುದಿಲ್ಲ. ಆ ನೌಕರರೇ ಸ್ವತಃ ಹೊಲಿದ ಕೌದಿಯ ಫೋಟೋ ಸಾಕು.

ಆದ್ದರಿಂದ ಓದುಗ ಮಹಾಶಯರೇ, ಈಗ ಮಧ್ಯಾಹ್ನ ಟೆಂಪೋ ಕಳಿಸಿ ಬಂದ ಮೇಲೆ ನಾನು ಸೂಜಿ ದಾರ ಹಿಡಿದು ಸಾವಂತ್ರವ್ವನ ಪಕ್ಕದಲ್ಲಿ ಕೂಡುತ್ತೇನೆ. ಎರಡು ಖಣ ಸೇರಿಸಿದ್ದೇನೆ, ಇನ್ನು ಹತ್ತು ಉಳಿದಿವೆ. ನಿನ್ನೆ ಮುದುಕಿ ನನ್ನ ಹೊಲಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ರಾಯರ, ಇದು ಹೊಲಿಗಿ ಅಲ್ರಿ. ಸಹಿ ಮಾಡೀರಿ. ಬಿಚ್ಚರಿ.”

ಬಿಚ್ಚಿದೆ.